‘ಬಂದರಿನ ಹೊರಗೆ ನೂರಾರು ಹಡಗು ನಿಂತಿವೆ’ ಎಂಬ ಫಾರ್ವರ್ಡ್: ಹೂಡಿಯ ಪಕ್ಕದಿಂದಲೇ ಅರ್ಥ ಮಾಡಿಕೊಳ್ಳೋಣ

ನೀಲಿ ಸಮುದ್ರದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಹಸಿರು, ಕೆಂಪು ಚುಕ್ಕೆಗಳಿರುವ ಒಂದು ಮ್ಯಾಪ್. ಕೆಳಗೆ ದಪ್ಪಕ್ಷರದಲ್ಲಿ: ‘ಬಂದರಿನ ಹೊರಗೆ ನೂರಾರು ಹಡಗುಗಳು ನಿಂತಿವೆ. ಹದಿನೈದು ದಿನದಲ್ಲಿ ಎಣ್ಣೆ, ಪೆಟ್ರೋಲ್, ಔಷಧಿ, ಮೊಬೈಲ್ ಯಾವುದೂ ಸಿಗುವುದಿಲ್ಲ. ಈಗಲೇ ತಂದಿಟ್ಟುಕೊಳ್ಳಿ. ಟಿವಿಯವರು ಇದನ್ನು ತೋರಿಸುವುದಿಲ್ಲ.’ ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲೋ, ಊರಿನ ಗ್ರೂಪ್‌ನಲ್ಲೋ ಇಂಥದ್ದೊಂದು ನಿಮಗೂ ಬಂದಿರಬಹುದು. ಎಲ್ಲಾದರೂ ಯುದ್ಧ ಶುರುವಾದರೆ, ಚಂಡಮಾರುತ ಎದ್ದರೆ, ಇದು ಹೊಸ ಬಟ್ಟೆ ತೊಟ್ಟು ಮತ್ತೆ ಬರುತ್ತದೆ.

ಇದರಲ್ಲಿ ಮ್ಯಾಪ್ ಸಾಮಾನ್ಯವಾಗಿ ನಿಜವಾದದ್ದೇ ಆಗಿರುತ್ತದೆ. ಬಂದರುಗಳಲ್ಲಿ ಹಡಗು ಕಾಯುವುದೂ ನಿಜ. ತಪ್ಪುವುದು ಚುಕ್ಕೆಯಿಂದ ‘ತಂದಿಟ್ಟುಕೊಳ್ಳಿ’ವರೆಗಿನ ದಾರಿಯಲ್ಲಿ. ಆ ದಾರಿಯಲ್ಲಿ ಒಂದು ಸುತ್ತು ಹಾಕಿ ಬರೋಣ. ಸಮುದ್ರ ನೋಡಲು ಚೆನ್ನೈಗೆ ಹೋಗಬೇಕಿಲ್ಲ, ಹೂಡಿಯಿಂದಲೇ ಶುರು ಮಾಡಬಹುದು.

ಮೊದಲು ಆ ಚುಕ್ಕೆಗಳು

300 ಗ್ರಾಸ್ ಟನೇಜ್ ಹಾಗೂ ಅದಕ್ಕಿಂತ ದೊಡ್ಡದಾದ, ವಿದೇಶಕ್ಕೆ ಓಡಾಡುವ ಪ್ರತಿ ಹಡಗಿನಲ್ಲೂ ಎಐಎಸ್ ಎಂಬ ರೇಡಿಯೋ ಸಾಧನ ಇರಲೇಬೇಕು. 2004ರ ಕೊನೆಯಿಂದ ಇದು ಅಂತರರಾಷ್ಟ್ರೀಯ ನಿಯಮ. ‘ನಾನು ಇಂಥ ಹಡಗು, ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಹೋಗುತ್ತಿದ್ದೇನೆ’ ಎಂದು ಅದು ಸದಾ ಹೇಳುತ್ತಲೇ ಇರುತ್ತದೆ. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು ಎಂಬುದು ಮೂಲ ಉದ್ದೇಶ. ಆ ಸಂಕೇತಗಳನ್ನು ಹಿಡಿದು ಮ್ಯಾಪ್ ಮೇಲೆ ತೋರಿಸುವ ವೆಬ್‌ಸೈಟ್‌ಗಳಿವೆ, ಮೆರೈನ್‌ಟ್ರಾಫಿಕ್ ಅವುಗಳಲ್ಲಿ ಹೆಸರಾದದ್ದು. ಫಾರ್ವರ್ಡ್‌ಗಳಲ್ಲಿ ಬರುವುದು ಹೆಚ್ಚಾಗಿ ಇಂಥ ಸೈಟ್‌ಗಳ ಸ್ಕ್ರೀನ್‌ಶಾಟೇ.

ಈಗ ಒಂದು ಸಣ್ಣ ಲೆಕ್ಕ. ನಿಮ್ಮ ಫೋನಿನ ಪರದೆ 7 ಸೆಂಟಿಮೀಟರ್ ಅಗಲ, ಅದರಲ್ಲಿ 700 ಕಿ.ಮೀ. ಸಮುದ್ರ ಕಾಣುತ್ತಿದೆ ಅಂದುಕೊಳ್ಳಿ. ಅಂದರೆ ಪರದೆಯ 1 ಮಿಲಿಮೀಟರ್‌ಗೆ ಸಮುದ್ರದ 10 ಕಿ.ಮೀ. ಹಡಗಿನ ಗುರುತು 2 ಮಿಲಿಮೀಟರ್ ಇದ್ದರೆ ಅದು 20 ಕಿ.ಮೀ. ಜಾಗ ಮುಚ್ಚುತ್ತದೆ. ಜಗತ್ತಿನ ಅತಿ ದೊಡ್ಡ ಕಂಟೇನರ್ ಹಡಗುಗಳ ಉದ್ದವೇ ಸುಮಾರು 400 ಮೀಟರ್. ಚುಕ್ಕೆ ಹಡಗಿಗಿಂತ 50 ಪಟ್ಟು ಉದ್ದ! ಒಂದರ ಮೇಲೊಂದು ಬಿದ್ದಂತೆ ಕಾಣುವ ಎರಡು ಹಡಗುಗಳ ನಡುವೆ ಹೂಡಿಯಿಂದ ಹೊಸಕೋಟೆಯಷ್ಟು ದೂರ ಇರಬಹುದು.

ಬಣ್ಣಕ್ಕೂ ಅರ್ಥ ಇದೆ. ಮೆರೈನ್‌ಟ್ರಾಫಿಕ್‌ನಲ್ಲಿ ಹಸಿರು ಎಂದರೆ ಸರಕು ಹಡಗು, ಕೆಂಪು ಎಂದರೆ ಟ್ಯಾಂಕರ್. ಹಸಿರಿನಲ್ಲೂ ಕಲ್ಲಿದ್ದಲು, ಅದಿರು, ಗೊಬ್ಬರವನ್ನು ಸುರಿದುಕೊಂಡು ಬರುವ ಹಡಗುಗಳು ಸೇರಿರುತ್ತವೆ. ಕಂಟೇನರ್ ಹಡಗು ಅದರಲ್ಲಿ ಒಂದು ಪಾಲು ಮಾತ್ರ. ಬಾಣದ ಆಕಾರ ಇದ್ದರೆ ಹಡಗು ಚಲಿಸುತ್ತಿದೆ, ಗುಂಡಗಿದ್ದರೆ ನಿಂತಿದೆ. ಇನ್ನು ಪ್ರತಿ ದೊಡ್ಡ ಬಂದರಿನ ಹೊರಗೂ ಹಡಗುಗಳು ಲಂಗರು ಹಾಕಲೆಂದೇ ಗುರುತು ಮಾಡಿದ ಜಾಗ ಇರುತ್ತದೆ. ಪೈಲಟ್ ಬರುವವರೆಗೆ, ಧಕ್ಕೆ ಖಾಲಿಯಾಗುವವರೆಗೆ, ಇಂಧನ ತುಂಬಿಸಿಕೊಳ್ಳಲು, ಮುಂದಿನ ಬಾಡಿಗೆ ಗೊತ್ತಾಗುವವರೆಗೆ ಅಲ್ಲಿ ನಿಲ್ಲುವುದು ದಿನನಿತ್ಯದ ಮಾತು. ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ಮೇಲಿನಿಂದ ಫೋಟೋ ತೆಗೆದು ‘ಬಸ್‌ಗಳೆಲ್ಲ ನಿಂತುಬಿಟ್ಟಿವೆ’ ಅಂದ ಹಾಗೆ ಇದು.

ಚಂಡಮಾರುತದ ದಿನಗಳಲ್ಲಂತೂ ಕಥೆ ಉಲ್ಟಾ. ಬಿರುಗಾಳಿಗೆ ಧಕ್ಕೆಗೆ ಕಟ್ಟಿದ ಹಡಗು ಗೋಡೆಗೆ ಬಡಿದುಕೊಳ್ಳುವ ಅಪಾಯ ಹೆಚ್ಚು. ಹಾಗಾಗಿ ಬಂದರಿನವರೇ ಹಡಗುಗಳನ್ನು ಹೊರಗೆ ಆಳ ಸಮುದ್ರಕ್ಕೆ ಕಳಿಸುತ್ತಾರೆ. 2016ರ ಡಿಸೆಂಬರ್‌ನ ವಾರ್ದಾ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತಗಳು ಚೆನ್ನೈಗೆ ಬಡಿದಾಗ ಬಂದರಿನ ಕೆಲಸ ನಿಂತಿತ್ತು. ಆಗ ಹೊರಗೆ ಕಾಣುವ ಹಡಗುಗಳು ಸಿಕ್ಕಿಹಾಕಿಕೊಂಡವು ಆಗಿರುವುದಿಲ್ಲ, ಜೀವ ಉಳಿಸಿಕೊಳ್ಳಲು ಹೋದವು.

ಹೂಡಿಗೂ ಬಂದರಿಗೂ ಏನು ಸಂಬಂಧ?

ಹೂಡಿಯ ಮೆಟ್ರೊ ನಿಲ್ದಾಣದಿಂದ ವೈಟ್‌ಫೀಲ್ಡ್ ಕಡೆಗೆ ಹೊರಟರೆ, ಐಟಿ ಕಟ್ಟಡಗಳ ನಡುವೆ ಇದ್ದಕ್ಕಿದ್ದಂತೆ ಬಣ್ಣಬಣ್ಣದ ಕಬ್ಬಿಣದ ಪೆಟ್ಟಿಗೆಗಳ ರಾಶಿ ಇರುವ ದೊಡ್ಡ ಅಂಗಳ ಸಿಗುತ್ತದೆ. ಅದು ಕಂಟೇನರ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದರೆ ಕಾನ್‌ಕಾರ್ ನಡೆಸುವ ಇನ್‌ಲ್ಯಾಂಡ್ ಕಂಟೇನರ್ ಡಿಪೊ. ಲಾರಿಯವರೂ ಏಜೆಂಟರೂ ‘ಐಸಿಡಿ’ ಎಂದೇ ಕರೆಯುತ್ತಾರೆ. ಸುಲಭವಾಗಿ ಹೇಳಬೇಕೆಂದರೆ ಇದು ನೀರಿಲ್ಲದ ಬಂದರು. ಕಸ್ಟಮ್ಸ್ ತಪಾಸಣೆ, ಕಾಗದಪತ್ರ, ಸುಂಕ ಎಲ್ಲ ಇಲ್ಲೇ ಮುಗಿಯುತ್ತದೆ. ಸೀಲ್ ಆದ ಪೆಟ್ಟಿಗೆ ರೈಲು ಹತ್ತಿ ಚೆನ್ನೈ ಕಡೆಯ ಬಂದರುಗಳಿಗೆ ಹೋಗುತ್ತದೆ. 45 ವ್ಯಾಗನ್‌ಗಳ ಒಂದು ರೈಲು 20 ಅಡಿಯ 90 ಪೆಟ್ಟಿಗೆ ಹೊರುತ್ತದೆ. ಹೂಡಿ ಹಾಲ್ಟ್‌ನಲ್ಲಿ ಲೋಕಲ್ ರೈಲಿಗೆ ಕಾಯುವವರು ಎದುರಿಗೆ ಉದ್ದಕ್ಕೆ ಸಾಗುವ ಕಂಟೇನರ್ ರೈಲನ್ನು ನೋಡಿಯೇ ಇರುತ್ತಾರೆ.

ಈ ವಿಷಯದಲ್ಲಿ ನಮ್ಮೂರಿಗೆ ಒಂದು ಹೆಗ್ಗಳಿಕೆಯೂ ಇದೆ. ಭಾರತಕ್ಕೆ ಮೊದಲ ಕಂಟೇನರ್ ಬಂದಿಳಿದದ್ದು 1973ರಲ್ಲಿ ಕೊಚ್ಚಿಯಲ್ಲಿ. ಆದರೆ ಕಂಟೇನರನ್ನು ಕರಾವಳಿಯಿಂದ ಒಳನಾಡಿಗೆ ರೈಲಿನಲ್ಲಿ ತಂದು ಇಳಿಸಿದ ದೇಶದ ಮೊದಲ ಐಸಿಡಿ ಶುರುವಾದದ್ದು 1981ರಲ್ಲಿ, ಬೆಂಗಳೂರಿನಲ್ಲಿ. ಆಗ ಅದನ್ನು ರೈಲ್ವೆಯೇ ನಡೆಸುತ್ತಿತ್ತು. 1988ರಲ್ಲಿ ಹುಟ್ಟಿದ ಕಾನ್‌ಕಾರ್ ಮರುವರ್ಷ ಇಂಥ ಡಿಪೊಗಳನ್ನು ವಹಿಸಿಕೊಂಡಿತು.

‘ಕರ್ನಾಟಕಕ್ಕೆ ಮಂಗಳೂರು ಬಂದರು ಇದೆಯಲ್ಲ, ಚೆನ್ನೈ ಯಾಕೆ?’ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆಯೇ. ಪಣಂಬೂರಿನ ನವಮಂಗಳೂರು ಬಂದರು ಕಚ್ಚಾತೈಲ, ಎಲ್‌ಪಿಜಿ, ಕಲ್ಲಿದ್ದಲು, ಖಾದ್ಯ ತೈಲಕ್ಕೆ ಹೆಸರಾದದ್ದು. ಕಂಟೇನರ್ ಅಲ್ಲೂ ಇದೆ, ಆದರೆ ಚೆನ್ನೈನಷ್ಟು ಹಡಗುಗಳು ಬರುವುದಿಲ್ಲ. ನಡುವೆ ಘಟ್ಟ ಬೇರೆ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗ ಸುಮಾರು 55 ಕಿ.ಮೀ. ಉದ್ದಕ್ಕೆ, 57 ಸುರಂಗಗಳ ಮೂಲಕ, 50 ಮೀಟರಿಗೆ 1 ಮೀಟರ್ ಏರುತ್ತದೆ. ಗೂಡ್ಸ್ ರೈಲಿಗೆ ಅದು ದೊಡ್ಡ ಏರು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಲಾರಿಯೂ ಇಲ್ಲ. ಚೆನ್ನೈ ಸುಮಾರು 350 ಕಿ.ಮೀ. ದೂರದಲ್ಲಿ, ಇಳಿಜಾರಿನ ದಾರಿಯಲ್ಲಿ, ಚೆನ್ನೈ, ಎಣ್ಣೂರು, ಕಾಟ್ಟುಪಳ್ಳಿ ಎಂಬ ಮೂರು ಬಂದರುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದೆ. ಹಡಗು ಹೆಚ್ಚು ಇರುವಲ್ಲಿಗೆ ಸರಕು ಹೋಗುತ್ತದೆ, ಸರಕು ಹೆಚ್ಚು ಇರುವಲ್ಲಿಗೆ ಹಡಗು ಬರುತ್ತದೆ. ಈ ಸುತ್ತು ಒಮ್ಮೆ ಶುರುವಾದರೆ ಮುರಿಯುವುದು ಕಷ್ಟ.

ಹಡಗು ಯಾಕೆ ಕಾಯುತ್ತದೆ? ಇಡ್ಲಿ ಕೌಂಟರ್ ಲೆಕ್ಕ

ಬಂದರಿನಲ್ಲಿ ಜಾಗ ಪೂರ್ತಿ ತುಂಬುವ ಮುಂಚೆಯೇ ಕಾಯುವಿಕೆ ಯಾಕೆ ಇಷ್ಟು ಹೆಚ್ಚುತ್ತದೆ? ಬಹಳ ಜನಕ್ಕೆ ಅರ್ಥವಾಗದ ಸಂಗತಿ ಇದು. ಒಂದು ದರ್ಶಿನಿಯನ್ನು ಊಹಿಸಿಕೊಳ್ಳಿ. ಒಂದೇ ಕೌಂಟರ್. ಒಬ್ಬರಿಗೆ ಸರಾಸರಿ 2 ನಿಮಿಷ. ಅಂದರೆ ಗಂಟೆಗೆ 30 ಜನರಿಗೆ ಕೊಡುವ ಶಕ್ತಿ ಇದೆ. ಜನ ಹೇಳಿ ಕೇಳಿ ಬರುವುದಿಲ್ಲ, ಒಮ್ಮೆ ನಾಲ್ಕು ಮಂದಿ ಒಟ್ಟಿಗೆ, ಇನ್ನೊಮ್ಮೆ ಯಾರೂ ಇಲ್ಲ. ಕೆಲವರು ಒಂದು ಕಾಫಿ ಅಂತಾರೆ, ಕೆಲವರು ಆಫೀಸಿಗೆಲ್ಲ ಪಾರ್ಸೆಲ್.

ಗಂಟೆಗೆ 15 ಜನ ಬಂದರೆ ಸರಾಸರಿ ಕಾಯುವ ಸಮಯ 2 ನಿಮಿಷ. 24 ಜನ ಬಂದರೆ 8 ನಿಮಿಷ. 27 ಜನಕ್ಕೆ 18 ನಿಮಿಷ. ಇನ್ನು ಎರಡೇ ಮಂದಿ ಹೆಚ್ಚಾಗಿ 29 ಆದರೆ? 58 ನಿಮಿಷ! ಕೌಂಟರ್‌ನವನು ನಿಧಾನ ಮಾಡಿಲ್ಲ, ಹಿಟ್ಟೂ ಮುಗಿದಿಲ್ಲ. ಶಕ್ತಿಗಿಂತ ಒಬ್ಬರು ಕಡಿಮೆಯೇ ಬರುತ್ತಿದ್ದಾರೆ. ಆದರೂ ಸಾಲು ರಸ್ತೆಗೆ ಬಂತು. ಬಿಡುವಿನ ನಿಮಿಷಗಳೇ ಹಿಂದಿನ ಸಾಲನ್ನು ಕರಗಿಸುವುದು, ಆ ಬಿಡುವು ಇಲ್ಲವಾದಾಗ ಒಮ್ಮೆ ಆದ ತಡ ಕರಗುವುದೇ ಇಲ್ಲ. ಇದು ಸಾಲುಗಳ ಗಣಿತದ ಸರಳ ಸೂತ್ರದಿಂದ ಬಂದ ಲೆಕ್ಕ. ಬಂದರಿನಲ್ಲಿ ಧಕ್ಕೆಗಳು ಹಲವು, ಹಡಗುಗಳಿಗೆ ಮೊದಲೇ ಸಮಯ ಗೊತ್ತು ಮಾಡಿರುತ್ತಾರೆ, ಹಾಗಾಗಿ ಅಂಕಿ ಇಷ್ಟು ಕೆಟ್ಟದಾಗಿ ಇರುವುದಿಲ್ಲ. ಆದರೆ ಏರುವ ರೀತಿ ಇದೇ. ಅರ್ಧ ತುಂಬಿದ ಬಂದರಿಗೆ ಹತ್ತು ಹಡಗು ಹೆಚ್ಚು ಬಂದರೆ ಗೊತ್ತೇ ಆಗುವುದಿಲ್ಲ, ಮುಕ್ಕಾಲಿಗಿಂತ ಮೇಲೆ ತುಂಬಿದ ಬಂದರಿಗೆ ಅದೇ ಹತ್ತು ಹಡಗು ವಾರದ ತಲೆನೋವು.

ಹೂಡಿ ಸರ್ಕಲ್‌ನಲ್ಲಿ ಸಂಜೆ ಆರೂವರೆಗೆ ಒಂದು ಟ್ಯಾಂಕರ್ ಕೆಟ್ಟು ನಿಂತರೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಅದೇ ಟ್ಯಾಂಕರ್ ಬೆಳಗಿನ ಜಾವ ಮೂರಕ್ಕೆ ನಿಂತರೆ ಯಾರಿಗೂ ತಿಳಿಯದು.

ತಡ ಆಗುವುದು ಕ್ರೇನಿನಲ್ಲಿ ಅಷ್ಟಲ್ಲ, ಅಂಗಳದಲ್ಲಿ

ಧಕ್ಕೆಯ ಮೇಲಿನ ಒಂದು ದೊಡ್ಡ ಕ್ರೇನ್ ಗಂಟೆಗೆ ಸುಮಾರು 25ರಿಂದ 30 ಪೆಟ್ಟಿಗೆ ಎತ್ತುತ್ತದೆ. ಮೂರು ಕ್ರೇನ್ ಹಾಕಿದರೆ 1,500 ಪೆಟ್ಟಿಗೆಗಳ ಕೆಲಸ 17ರಿಂದ 20 ಗಂಟೆಯಲ್ಲಿ ಮುಗಿಯುತ್ತದೆ. ವಿಶ್ವಬ್ಯಾಂಕಿನ 2023ರ ಲಾಜಿಸ್ಟಿಕ್ಸ್ ವರದಿಯಲ್ಲಿ ಭಾರತದ ಬಂದರುಗಳಲ್ಲಿ ಹಡಗು ಬಂದು ಹೋಗುವ ಸಮಯ ಸರಾಸರಿ ಒಂದು ದಿನಕ್ಕಿಂತ ಸ್ವಲ್ಪ ಕಡಿಮೆ, ಕಂಟೇನರ್ ಬಂದರಿನಲ್ಲಿ ಕೂರುವ ಸಮಯ ಮೂರು ದಿನದ ಆಸುಪಾಸು ಎಂದಿತ್ತು. ಇದು ಒಳ್ಳೆಯ ಅಂಕಿಯೇ. ಭಾರತದ ಬಂದರು ಎಂದ ಕೂಡಲೇ ‘ಎಲ್ಲ ಹಾಳು’ ಎನ್ನುವ ಅಭ್ಯಾಸಕ್ಕೆ ಇಲ್ಲಿ ಆಧಾರ ಇಲ್ಲ.

ಹಾಗಾದರೆ ಸಾಲು ಬೆಳೆಯುವುದು ಎಲ್ಲಿ? ಇಳಿಸಿದ ಪೆಟ್ಟಿಗೆ ಅಂಗಳದಲ್ಲಿ ಒಂದರ ಮೇಲೊಂದು ನಾಲ್ಕೈದು ಅಂತಸ್ತು ಕೂರುತ್ತದೆ. ನಿಮಗೆ ಬೇಕಾದದ್ದು ಕೆಳಗಿದ್ದರೆ ಮೇಲಿನ ಮೂರನ್ನು ಎತ್ತಿ ಪಕ್ಕಕ್ಕಿಡಬೇಕು. ಅಟ್ಟದಲ್ಲಿ ಹಬ್ಬದ ಪಾತ್ರೆ ಹುಡುಕಿದ ಹಾಗೆ. ಪಕ್ಕದಲ್ಲಿ ಖಾಲಿ ಜಾಗ ಇದ್ದರೆ ಐದು ನಿಮಿಷದ ಕೆಲಸ, ಇಲ್ಲದಿದ್ದರೆ ಒಂದು ಪೆಟ್ಟಿಗೆಗಾಗಿ ಹತ್ತು ಪೆಟ್ಟಿಗೆ ಜರುಗಿಸಬೇಕು. ಅಂಗಳ ತುಂಬಿದಷ್ಟೂ ಲಾರಿ ಕಾಯುವುದು ಹೆಚ್ಚು. ಲಾರಿ ಗೇಟಿನಲ್ಲಿ ನಿಂತರೆ ಪೆಟ್ಟಿಗೆ ಹೊರಗೆ ಹೋಗುವುದಿಲ್ಲ, ಪೆಟ್ಟಿಗೆ ಹೋಗದಿದ್ದರೆ ಹೊಸದನ್ನು ಇಳಿಸಲು ಜಾಗ ಇಲ್ಲ, ಜಾಗ ಇಲ್ಲದಿದ್ದರೆ ಕ್ರೇನ್ ಸುಮ್ಮನೆ ನಿಲ್ಲುತ್ತದೆ, ಹಡಗು ಧಕ್ಕೆ ಬಿಡುವುದಿಲ್ಲ, ಹಿಂದಿನ ಹಡಗು ಲಂಗರು ಹಾಕುತ್ತದೆ. ಸಮುದ್ರದಲ್ಲಿ ಕಾಣುವ ಚುಕ್ಕೆಗೆ ಕಾರಣ ಎಷ್ಟೋ ಸಲ ಊರೊಳಗಿನ ರಸ್ತೆಯಲ್ಲಿರುತ್ತದೆ.

ಚೆನ್ನೈ ಇದಕ್ಕೆ ಹೇಳಿಮಾಡಿಸಿದ ಉದಾಹರಣೆ. ಹಳೇ ನಗರದ ಮಡಿಲಲ್ಲೇ ಇರುವ ಬಂದರು ಅದು. 1983ರಲ್ಲಿ ಅಲ್ಲಿ ಕಂಟೇನರ್ ಟರ್ಮಿನಲ್ ಶುರುವಾಯಿತು. ಸರಕು ಬೆಳೆಯಿತು, ರಸ್ತೆ ಬೆಳೆಯಲಿಲ್ಲ. ಎಣ್ಣೂರು–ತಿರುವೊತ್ತಿಯೂರು ಕಡೆಯ ರಸ್ತೆಗಳಲ್ಲಿ ಟ್ರೇಲರ್‌ಗಳು ಕಿಲೋಮೀಟರ್‌ಗಟ್ಟಲೆ ಸಾಲು ನಿಂತು, ಚಾಲಕರು ಕ್ಯಾಬಿನ್‌ನಲ್ಲೇ ಅಡುಗೆ, ನಿದ್ದೆ ಮಾಡಿದ ವರ್ಷಗಳಿವೆ. ಬಂದರಿನಿಂದ ಮಧುರವಾಯಲ್‌ಗೆ ಮೇಲ್ಸೇತುವೆ ರಸ್ತೆಗೆ 2009ರಲ್ಲೇ ಶಂಕುಸ್ಥಾಪನೆ ಆಗಿತ್ತು. 2012ರಲ್ಲಿ ಕೆಲಸ ನಿಂತಿತು. 2022ರ ಮೇ ತಿಂಗಳಲ್ಲಿ ಎರಡು ಅಂತಸ್ತಿನ ಹೊಸ ವಿನ್ಯಾಸದೊಂದಿಗೆ ಮತ್ತೊಮ್ಮೆ ಶಂಕುಸ್ಥಾಪನೆ! ಸುಮಾರು 20 ಕಿ.ಮೀ. ರಸ್ತೆಗೆ ಎರಡು ಕಲ್ಲು.

ನಮ್ಮ ಕಡೆಯೂ ಸಾಚಾ ಅಲ್ಲ. ಐಸಿಡಿಗೆ ಹೋಗುವ ಟ್ರೇಲರ್ ವೈಟ್‌ಫೀಲ್ಡ್ ರಸ್ತೆಯಲ್ಲೇ ಬರಬೇಕು, ಬೆಳಿಗ್ಗೆ ಸಂಜೆ ಆಫೀಸಿನ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ. ಪೀಣ್ಯದಿಂದ ಬರುವ ಪೆಟ್ಟಿಗೆ ಊರು ಸುತ್ತಿ ಬರಬೇಕು. ಕಾರಿನವರಿಗೆ ಈ ಟ್ರೇಲರ್ ಒಂದು ಪೀಡೆ. ಟ್ರೇಲರ್ ಚಾಲಕನಿಗೆ ಹಡಗಿನ ‘ಕಟ್ ಆಫ್’ ಸಮಯ ತಲೆಯ ಮೇಲೆ ತೂಗುತ್ತಿರುತ್ತದೆ.

ದೂರದಲ್ಲಿ ಸೀನಿದರೆ ಇಲ್ಲಿ ನೆಗಡಿ

ಯುರೋಪು, ಅಮೆರಿಕಕ್ಕೆ ಹೋಗುವ ದೈತ್ಯ ಹಡಗುಗಳೆಲ್ಲ ಚೆನ್ನೈಗೆ ಬರುವುದಿಲ್ಲ. ಇಲ್ಲಿಂದ ಚಿಕ್ಕ ಹಡಗು ಕೊಲಂಬೊ ಅಥವಾ ಸಿಂಗಾಪುರಕ್ಕೆ, ಅಲ್ಲಿ ದೊಡ್ಡದಕ್ಕೆ ವರ್ಗಾವಣೆ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿದ ಹಾಗೆ. ಹಾಗಾಗಿ ಸಿಂಗಾಪುರದ ತಡ ನೇರವಾಗಿ ಹೂಡಿಗೆ ತಟ್ಟುತ್ತದೆ.

2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹೂತಿಗಳ ದಾಳಿ ಶುರುವಾಯಿತು. ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋಗತೊಡಗಿದವು. ಪ್ರಯಾಣಕ್ಕೆ ಹತ್ತು ದಿನಕ್ಕೂ ಹೆಚ್ಚು ಸೇರಿತು, ವೇಳಾಪಟ್ಟಿ ಕೆಟ್ಟಿತು. ಬೇರೆ ಬೇರೆ ದಿನ ಬರಬೇಕಾದ ಹಡಗುಗಳು ಒಟ್ಟಿಗೆ ಬಂದವು. ಅರ್ಧ ಗಂಟೆ ಬಸ್ಸೇ ಇಲ್ಲದೆ ಆಮೇಲೆ ಮೂರು ಬಿಎಂಟಿಸಿ ಒಂದರ ಹಿಂದೊಂದು ಬರುತ್ತವಲ್ಲ, ಹಾಗೆ. 2024ರ ಮೇ ಕೊನೆಗೆ ಸಿಂಗಾಪುರದ ಬಂದರು ಪ್ರಾಧಿಕಾರವೇ ಕಂಟೇನರ್ ಹಡಗುಗಳು ಸರಾಸರಿ 2–3 ದಿನ ಧಕ್ಕೆಗೆ ಕಾಯುತ್ತಿವೆ ಎಂದಿತು. ಗಮನಿಸಿ, ಅದೇ ವರ್ಷ ಸಿಂಗಾಪುರ 4.1 ಕೋಟಿ ಪೆಟ್ಟಿಗೆಗಳಷ್ಟು ಸರಕು ಸಾಗಿಸಿ ತನ್ನದೇ ದಾಖಲೆ ಮುರಿಯಿತು. ‘ಹಡಗು ಕಾಯುತ್ತಿದೆ’ ಎಂದರೆ ‘ಬಂದರು ನಿಂತಿದೆ’ ಎಂದಲ್ಲ, ಅತಿ ಹೆಚ್ಚು ಕೆಲಸ ಆಗುತ್ತಿರುವಾಗಲೂ ಸಾಲು ಇರುತ್ತದೆ.

2017ರ ಜೂನ್‌ನಲ್ಲಿ ಇನ್ನೊಂದು ತರಹ ಆಯಿತು. ನಾಟ್‌ಪೆಟ್ಯಾ ಎಂಬ ಕಂಪ್ಯೂಟರ್ ವೈರಸ್ ಮೇರ್ಸ್ಕ್ ಹಡಗು ಕಂಪನಿಗೆ ಬಡಿದು, ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಗುಂಪಿನ ಟರ್ಮಿನಲ್ ಕೂಡ ಸ್ತಬ್ಧವಾಯಿತು. ಕ್ರೇನ್, ಹಡಗು, ಜನ ಎಲ್ಲ ಸರಿಯಾಗೇ ಇತ್ತು. ಯಾವ ಪೆಟ್ಟಿಗೆ ಎಲ್ಲಿದೆ ಎಂದು ಹೇಳುವ ಕಂಪ್ಯೂಟರ್ ಮಾತ್ರ ಇರಲಿಲ್ಲ.

ಆದರೂ ಮ್ಯಾಪ್ ಹೇಗೆ ಎರಡೂ ಕಡೆ ಮೋಸ ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಲಾಸ್ ಏಂಜಲೀಸ್–ಲಾಂಗ್ ಬೀಚ್ ಕಥೆಗಿಂತ ಒಳ್ಳೆಯದು ಇಲ್ಲ. ಕೋವಿಡ್ ಸಮಯದಲ್ಲಿ ಅಲ್ಲಿ ತೀರದಿಂದಲೇ ಕಾಣುವಷ್ಟು ಹಡಗುಗಳು ನಿಂತವು. 2021ರ ನವೆಂಬರ್‌ನಲ್ಲಿ ನಿಯಮ ಬದಲಾಯಿತು: ತೀರದ ಬಳಿ ಬಂದು ಸಾಲು ನಿಲ್ಲಬೇಕಿಲ್ಲ, ಹಿಂದಿನ ಬಂದರಿನಿಂದ ಹೊರಟ ಸಮಯದ ಲೆಕ್ಕದಲ್ಲಿ ಸರದಿ ಸಿಗುತ್ತದೆ, ನಿಧಾನವಾಗಿ ಬನ್ನಿ. ಕೆಲವೇ ದಿನಗಳಲ್ಲಿ ಮ್ಯಾಪ್ ಮೇಲೆ ಚುಕ್ಕೆಗಳು ಖಾಲಿ! ‘ಸಮಸ್ಯೆ ಮುಗಿಯಿತು’ ಎಂಬ ಪೋಸ್ಟ್‌ಗಳೂ ಬಂದವು. ನಿಜವಾಗಿ ಸಾಲು ಬೆಳೆಯುತ್ತಲೇ ಇತ್ತು, ಪೆಸಿಫಿಕ್ ಸಾಗರದ ತುಂಬ ಹರಡಿಕೊಂಡಿತ್ತು ಅಷ್ಟೆ. 2022ರ ಜನವರಿಯಲ್ಲಿ ಅದು 109 ಹಡಗುಗಳಿಗೆ ಮುಟ್ಟಿ ಅಲ್ಲಿಂದ ಇಳಿಯಿತು. ಪೂರ್ತಿ ಕರಗಿದ್ದು ಅದೇ ವರ್ಷದ ನವೆಂಬರ್ ಹೊತ್ತಿಗೆ.

ಹಾಗಾದರೆ ಎಣ್ಣೆ, ಪೆಟ್ರೋಲ್, ಔಷಧಿ?

ಪೆಟ್ರೋಲ್‌ಗೂ ಕಂಟೇನರ್ ಬಂದರಿಗೂ ಸಂಬಂಧವೇ ಇಲ್ಲ. ಮಂಗಳೂರಿನ ರಿಫೈನರಿಯಿಂದ ಹಾಸನದ ಮೂಲಕ ಬರುವ ಪೈಪ್‌ಲೈನ್ ಮುಗಿಯುವುದು ಹೊಸಕೋಟೆ ಬಳಿಯ ದೇವನಗೊಂದಿಯಲ್ಲಿ, ಹೂಡಿಯಿಂದ ತುಂಬ ದೂರವೇನಲ್ಲ. ಕಚ್ಚಾತೈಲ ಬರುವುದು ಟ್ಯಾಂಕರ್‌ನಲ್ಲಿ, ಅದಕ್ಕೆ ಬೇರೆಯೇ ಧಕ್ಕೆ. ತಾಳೆ ಎಣ್ಣೆಯೂ ಹೆಚ್ಚಾಗಿ ಟ್ಯಾಂಕರ್ ಹಡಗಿನಲ್ಲೇ. ಗೊಬ್ಬರ, ಕಲ್ಲಿದ್ದಲು ಸುರಿದುಕೊಂಡು ಬರುವ ಹಡಗಿನಲ್ಲಿ. ಇವುಗಳಿಗೆ ಬೇರೆ ತೊಂದರೆಗಳು ಬರಬಹುದು, ಯುದ್ಧದಿಂದ ಬೆಲೆಯೂ ಏರಬಹುದು. ಕಂಟೇನರ್ ಸಾಲನ್ನು ತೋರಿಸಿ ಅದನ್ನು ಹೇಳುವುದು ಮಾತ್ರ ಹಾಲಿನ ಬೂತಿನ ಕ್ಯೂ ತೋರಿಸಿ ಕರೆಂಟ್ ಹೋಗುತ್ತದೆ ಎಂದಂತೆ.

ಮೊಬೈಲ್, ಚಿಪ್, ದುಬಾರಿ ಬಿಡಿಭಾಗಗಳು ಹೆಚ್ಚಾಗಿ ವಿಮಾನದಲ್ಲಿ ಬರುತ್ತವೆ. 2021ರಲ್ಲಿ ಕಾರುಗಳಿಗೆ ತಿಂಗಳುಗಟ್ಟಲೆ ಕಾಯಬೇಕಾದದ್ದಕ್ಕೆ ಮುಖ್ಯ ಕಾರಣ ಚಿಪ್ ಕಾರ್ಖಾನೆಗಳ ಸಾಮರ್ಥ್ಯ. ಔಷಧಿಯ ವಿಷಯ ಸ್ವಲ್ಪ ಸೂಕ್ಷ್ಮ: ಮಾತ್ರೆಗಳ ಮೂಲ ರಾಸಾಯನಿಕಗಳಲ್ಲಿ ನಾವು ಆಮದು ಮಾಡುವ ಹೆಚ್ಚಿನ ಪಾಲು ಚೀನಾದಿಂದ ಬರುತ್ತದೆ, ಅದರಲ್ಲಿ ಬಹುಪಾಲು ಸಮುದ್ರದ ದಾರಿಯಲ್ಲಿ. ಕಂಪನಿಗಳು ಅದಕ್ಕೆಂದೇ ದಾಸ್ತಾನು ಇಟ್ಟಿರುತ್ತವೆ. ನಾಲ್ಕು ದಿನ ಹಡಗು ತಡವಾದರೆ ಮೆಡಿಕಲ್ ಶಾಪ್ ಖಾಲಿಯಾಗುವುದಿಲ್ಲ. ಆದರೆ ಫಾರ್ವರ್ಡ್ ನಂಬಿ ಒಂದು ಅಪಾರ್ಟ್‌ಮೆಂಟಿನವರೆಲ್ಲ ಆರು ತಿಂಗಳ ಶುಗರ್ ಮಾತ್ರೆ ಕೊಂಡರೆ, ಪಕ್ಕದ ಬೀದಿಯ ಅಂಗಡಿಯಲ್ಲಿ ಮರುದಿನ ನಿಜವಾಗಿಯೂ ಇರುವುದಿಲ್ಲ. ಆಗ ಆ ಫಾರ್ವರ್ಡ್ ಕಳಿಸಿದವರು ‘ನೋಡಿದ್ರಾ, ಹೇಳಿರಲಿಲ್ವಾ’ ಅಂತಾರೆ.

ನಿಜವಾದ ಏಟು ಯಾರಿಗೆ?

ಹಡಗು ಕಾಯುವುದರಿಂದ ನೋವಾಗುವವರು ಇದ್ದಾರೆ, ಆದರೆ ಅವರು ಫಾರ್ವರ್ಡ್‌ನಲ್ಲಿ ಇರುವುದಿಲ್ಲ. ಮಹದೇವಪುರದಲ್ಲೋ ಪೀಣ್ಯದಲ್ಲೋ ಮೂವತ್ತು ಜನರ ಒಂದು ಸಣ್ಣ ವರ್ಕ್‌ಶಾಪ್ ಅಂದುಕೊಳ್ಳಿ. ಜರ್ಮನಿಗೆ ಯಂತ್ರದ ಬಿಡಿಭಾಗ ಕಳಿಸುತ್ತಾರೆ. ಪೆಟ್ಟಿಗೆಯಲ್ಲಿ 40 ಲಕ್ಷ ರೂಪಾಯಿಯ ಸಾಮಾನು, ಬ್ಯಾಂಕ್ ಸಾಲದ ಬಡ್ಡಿ ವರ್ಷಕ್ಕೆ ಶೇ. 12. ಹಡಗು ಹತ್ತು ದಿನ ತಡವಾದರೆ ಬಡ್ಡಿಯೇ ಸುಮಾರು 13,000 ರೂಪಾಯಿ. ಇದು ಸಣ್ಣ ಬಾಬತ್ತು. ಹಡಗು ಮುಂದಕ್ಕೆ ಹೋದಾಗ ಬಂದರು ಪೆಟ್ಟಿಗೆಯನ್ನು ಒಳಗೆ ಬಿಡುವ ದಿನವೂ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಅದು ಐಸಿಡಿಯಲ್ಲೇ ಕೂತು ನೆಲಬಾಡಿಗೆ ಏರುತ್ತದೆ. ಸರಕು ಹಡಗು ಹತ್ತಿದ ಮೇಲೆಯೇ ‘ಬಿಲ್ ಆಫ್ ಲೇಡಿಂಗ್’ ಸಿಗುವುದು, ಅದರ ತಾರೀಖು ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್‌ನ ಕೊನೆಯ ದಿನ ಮೀರಿದರೆ ಹಣ ತಡೆಹಿಡಿಯಬಹುದು. ಹೊರಗಿನ ಗ್ರಾಹಕ ಕಾಯುವುದಿಲ್ಲ ಎಂದರೆ ವಿಮಾನದಲ್ಲಿ ಕಳಿಸಬೇಕು, ಅದಕ್ಕೆ ಹಡಗಿಗಿಂತ ಹಲವು ಪಟ್ಟು ಖರ್ಚು.

ಆಮದು ಮಾಡುವವರಿಗೆ ಇನ್ನೊಂದು ಬಗೆ. ಪೆಟ್ಟಿಗೆ ಬಿಡಿಸಿಕೊಳ್ಳಲು ಕೆಲವು ‘ಫ್ರೀ ಡೇಸ್’ ಇರುತ್ತವೆ. ಮೀರಿದರೆ ಬಂದರು ಅಥವಾ ಡಿಪೊದಲ್ಲಿ ಕೂತದ್ದಕ್ಕೆ ಒಂದು ಶುಲ್ಕ, ಖಾಲಿ ಪೆಟ್ಟಿಗೆಯನ್ನು ತಡವಾಗಿ ಮರಳಿಸಿದ್ದಕ್ಕೆ ಹಡಗು ಕಂಪನಿಗೆ ಡಿಟೆನ್ಷನ್ ಎಂಬ ಇನ್ನೊಂದು. ರಸ್ತೆಯಲ್ಲಿ ಟ್ರೇಲರ್ ಸಾಲು ಇತ್ತು ಎಂಬ ಕಾರಣಕ್ಕೆ ಮೀಟರ್ ನಿಲ್ಲುವುದಿಲ್ಲ. 2020ರ ಲಾಕ್‌ಡೌನ್‌ನಂಥ ಹೊತ್ತಲ್ಲಿ ಮಾತ್ರ ಕೇಂದ್ರ ಸರ್ಕಾರ ಮಧ್ಯೆ ಬಂದು ಶುಲ್ಕ ವಿಧಿಸಬೇಡಿ ಎಂದಿತ್ತು. ದೊಡ್ಡ ಕಂಪನಿಗಳು ಹಡಗು ಕಂಪನಿಯ ಜೊತೆ ಕೂತು ಹೆಚ್ಚು ಫ್ರೀ ಡೇಸ್ ಬರೆಸಿಕೊಳ್ಳುತ್ತವೆ, ಸಣ್ಣವರಿಗೆ ಆ ಧ್ವನಿ ಇಲ್ಲ. ಟ್ರಿಪ್ ಲೆಕ್ಕದಲ್ಲಿ ದುಡಿಯುವ ಟ್ರೇಲರ್ ಚಾಲಕನಿಗಂತೂ ಕಾದ ದಿನವೆಲ್ಲ ಖಾಲಿ ದಿನ.

‘ಬೆಲೆ ಏರಿಸಲು ಹಡಗು ಕಂಪನಿಗಳೇ ಬೇಕಂತ ನಿಲ್ಲಿಸುತ್ತವೆ’ ಎನ್ನುವ ಮಾತಿನಲ್ಲಿ ಕಾಲು ಭಾಗ ನಿಜ ಇದೆ. 2021ರ ಸೆಪ್ಟೆಂಬರ್ ಹೊತ್ತಿಗೆ 40 ಅಡಿ ಪೆಟ್ಟಿಗೆಯ ಸರಾಸರಿ ಬಾಡಿಗೆ ಜಗತ್ತಿನ ಮುಖ್ಯ ಮಾರ್ಗಗಳಲ್ಲಿ 10,000 ಡಾಲರ್ ದಾಟಿತ್ತು, ಕಂಪನಿಗಳು ಹಿಂದೆಂದೂ ಕಾಣದ ಲಾಭ ಮಾಡಿದವು. ಬೇಡಿಕೆ ಇಳಿದಾಗ ಒಂದು ಟ್ರಿಪ್ಪನ್ನೇ ರದ್ದು ಮಾಡುವುದು, ಸಾಲು ಇರುವ ಬಂದರನ್ನು ಬಿಟ್ಟು ಮುಂದೆ ಹೋಗುವುದು ಇವೆಲ್ಲ ಅವರು ಮಾಡುತ್ತಾರೆ. ಎರಡನೆಯದು ಆದಾಗ ಚೆನ್ನೈಗೆ ಬರಬೇಕಾದ ನಿಮ್ಮ ಪೆಟ್ಟಿಗೆ ಬೇರೆಲ್ಲೋ ಇಳಿದಿರುತ್ತದೆ. ಆದರೆ ತುಂಬಿದ ಹಡಗನ್ನು ಲಂಗರು ಹಾಕಿ ಸುಮ್ಮನೆ ನಿಲ್ಲಿಸುವುದರಿಂದ ಅವರಿಗೂ ದಿನಕ್ಕೆ ಭಾರಿ ಖರ್ಚು. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಪಿತೂರಿಯದ್ದಲ್ಲ, ತಡದ ಬಿಲ್ಲು ಯಾವಾಗಲೂ ಸಣ್ಣವರ ಮೇಲೇ ಯಾಕೆ ಬೀಳುತ್ತದೆ ಎಂಬುದು.

ಕೊನೆಯದಾಗಿ, ‘ಬಂದರಿನಲ್ಲಿ ಸಿಕ್ಕಿಬಿದ್ದ ಐಫೋನ್ ಅಗ್ಗಕ್ಕೆ’

ಹಡಗಿನ ಮ್ಯಾಪ್ ಹರಿದಾಡಿದ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಚೆನ್ನೈ ಬಂದರಿನಲ್ಲಿ ಸಿಕ್ಕಿಕೊಂಡ ಕಂಟೇನರ್, ಕಸ್ಟಮ್ಸ್ ಹರಾಜು, ಲ್ಯಾಪ್‌ಟಾಪ್ 5,000ಕ್ಕೆ, ಮೊದಲು ಅಡ್ವಾನ್ಸ್ ಕಳಿಸಿ.’ ಹರಾಜು ಎಂಬುದು ಇರುವುದೇ ಈ ಮೋಸದ ಬಂಡವಾಳ. 1962ರ ಕಸ್ಟಮ್ಸ್ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ, ಇಳಿದ 30 ದಿನದೊಳಗೆ ಬಿಡಿಸಿಕೊಳ್ಳದ ಸರಕನ್ನು ಮಾಲೀಕರಿಗೆ ನೋಟಿಸ್ ಕೊಟ್ಟು, ಅಧಿಕಾರಿಯ ಅನುಮತಿ ಪಡೆದು ಮಾರಬಹುದು. ಆದರೆ ಅದು ನಡೆಯುವುದು ಎಂಎಸ್‌ಟಿಸಿಯಂಥ ಸರ್ಕಾರಿ ಇ-ಹರಾಜು ಪೋರ್ಟಲ್‌ಗಳಲ್ಲಿ, ನೋಂದಾಯಿಸಿಕೊಂಡ ಬಿಡ್ಡುದಾರರ ನಡುವೆ, ಲಾಟ್ ಲೆಕ್ಕದಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಒಂದೊಂದು ಫೋನ್ ಮಾರುವ ಕಸ್ಟಮ್ಸ್ ಅಧಿಕಾರಿ ಯಾರೂ ಇಲ್ಲ.

ಇದರ ತಮ್ಮ ಇನ್ನೊಂದು ಇದೆ: ‘ನಿಮ್ಮ ಪಾರ್ಸೆಲ್ ಬಂದರಿನಲ್ಲಿ ತಡೆಹಿಡಿಯಲಾಗಿದೆ, ಶುಲ್ಕ ಕಟ್ಟಿ, ಇಲ್ಲದಿದ್ದರೆ ಕೇಸ್.’ ಕಸ್ಟಮ್ಸ್ ಇಲಾಖೆ ಯಾರದ್ದೋ ಸ್ವಂತ ಬ್ಯಾಂಕ್ ಖಾತೆಗೆ, ಯುಪಿಐಗೆ ಸುಂಕ ಕಟ್ಟಿಸಿಕೊಳ್ಳುವುದಿಲ್ಲ. ಇಲಾಖೆಯ ಪತ್ರಗಳ ಮೇಲೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ವೆಬ್‌ಸೈಟಿನಲ್ಲಿ ಅದು ಅಸಲಿಯೋ ನಕಲಿಯೋ ನೋಡಬಹುದು. ದುಡ್ಡು ಈಗಾಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ಹಣ ಮುಂದಿನ ಖಾತೆಗೆ ಹಾರುವ ಮುಂಚೆ ತಡೆಯುವ ಸಾಧ್ಯತೆ ಹೆಚ್ಚು.